ಪರಂಗಿಗಳನ್ನು ಅಚ್ಚಿನಲ್ಲಿ ಹುಡುಕುತ್ತಾ: ಎದೊದಿಂದ ದೆಜಿಮಾಕ್ಕೆ ಆರು ದಿನ

ಹೊರಡುವ ಮುನ್ನ

ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳಲ್ಲಿ ಪರಂಗಿಗಳು, ಅಂದರೆ ವಿದೇಶಿಯರು, ಹೇಗೆ ಕಾಣುತ್ತಾರೆ ಎಂದು ನೋಡುತ್ತಾ ಟೋಕಿಯೋದಿಂದ ನಾಗಸಾಕಿಯ ದೆಜಿಮಾವರೆಗೆ ಹೋಗುವ ಪ್ರವಾಸ ಇದು. ಇದು ಕೆಡುವುದು ರೈಲು ತಪ್ಪಿ ಅಲ್ಲ, ಚಿತ್ರವೇ ಕಾಣದೆ ವಾಪಸಾಗಬೇಕಾಗಿ ಬಂದು. ಜಪಾನಿನ ಮರದಚ್ಚಿನ ಬಣ್ಣ ಬೆಳಕಿಗೆ ತಡೆಯುವುದಿಲ್ಲ. ಕುಸುಬೆಯ ಕೆಂಪು, ಹೂವಿನ ರಸದಿಂದ ತೆಗೆದ ತಿಳಿ ನೀಲಿ ಎರಡೂ ಬಿಸಿಲಿಗೆ ಒಣಹಾಕಿದ ಸೀರೆಯ ಹಾಗೆ ಮಾಸುತ್ತವೆ. ಅದಕ್ಕೇ ವಸ್ತುಸಂಗ್ರಹಾಲಯದವರು 50 ಲಕ್ಸ್ ಸುಮಾರಿನ ಮಂದ ಬೆಳಕಿನಲ್ಲಿ ಕೆಲವೇ ವಾರ ಇವನ್ನು ತೂಗುಹಾಕಿ, ಮತ್ತೆ ಕತ್ತಲ ಡ್ರಾಯರಿಗೆ ಸೇರಿಸಿಬಿಡುತ್ತಾರೆ. ಸಾವಿರಗಟ್ಟಲೆ ಹಾಳೆಗಳಿರುವ ಸಂಗ್ರಹಕ್ಕೇ ಹೋದರೂ ಆ ದಿನ ಗೋಡೆಯ ಮೇಲೆ ವಿದೇಶಿಯರ ಚಿತ್ರ ಒಂದೂ ಇಲ್ಲದಿರಬಹುದು. ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಪ್ರದರ್ಶನ ಪಟ್ಟಿ ನೋಡಿ, ಅದಕ್ಕೆ ತಕ್ಕಂತೆ ದಿನ ಹೊಂದಿಸಿಕೊಳ್ಳಬೇಕು. ಸೋಮವಾರ ಬಹುತೇಕ ಕಡೆ ರಜೆ. ಸೋಮವಾರ ಸರ್ಕಾರಿ ರಜೆ ಬಿದ್ದರೆ ಬಾಗಿಲು ಮುಚ್ಚುವುದು ಮಂಗಳವಾರ. ಎರಡು ಪ್ರದರ್ಶನಗಳ ನಡುವೆ ಚಿತ್ರ ಬದಲಿಸಲು ನಾಲ್ಕೈದು ದಿನ ಇಡೀ ಕಟ್ಟಡವೇ ಮುಚ್ಚುವುದೂ ಉಂಟು. ಟೋಕಿಯೋದ ಹರಾಜುಕುವಿನಲ್ಲಿರುವ ಓತಾ ಉಕಿಯೊ-ಎ (ಮರದಚ್ಚಿನ ಚಿತ್ರ) ಸಂಗ್ರಹಾಲಯದಲ್ಲಿ ಇದು ತಿಂಗಳ ಕೊನೆಗೆ ಆಗಾಗ ಆಗುವ ಕೆಲಸ.

ಚೀಲದಲ್ಲಿ ಮೂರು ವಸ್ತು ಇರಲಿ. ಒಂದು, ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ, ಹತ್ತಿರದ ವಸ್ತುವಿಗೂ ಫೋಕಸ್ ಆಗುವ ಒಂಟಿ ಕಣ್ಣಿನ ದೂರದರ್ಶಕ. ಗಾಜಿನಾಚೆಯ ಗೆರೆ, ಮುದ್ರೆ ಬರಿಗಣ್ಣಿಗೆ ಸಿಗುವುದಿಲ್ಲ. ಎರಡು, ಪೆನ್ಸಿಲ್, ಗ್ಯಾಲರಿಯೊಳಗೆ ಪೆನ್ ತೆಗೆದರೆ ಕಾವಲಿನವರು ಓಡಿಬರುತ್ತಾರೆ. ಮೂರು, ನೋಡಬೇಕಾದ ಚಿತ್ರಗಳ ಹೆಸರು ಜಪಾನಿ ಲಿಪಿಯಲ್ಲೇ ಫೋನಿನಲ್ಲಿ. ಇಂಗ್ಲಿಷ್ ಹೆಸರು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರುತ್ತದೆ, ಅದನ್ನು ಹೇಳಿದರೆ ಅಂಗಡಿಯವರಿಗೂ ಗ್ರಂಥಪಾಲಕರಿಗೂ ತಲೆಬುಡ ತಿಳಿಯುವುದಿಲ್ಲ. ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಡಿಜಿಟಲ್ ಸಂಗ್ರಹ ಉಚಿತ. ಮೂಲ ಹೆಸರುಗಳನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು.

ಮೊದಲ ದಿನ: ನಿಹೊನ್‌ಬಾಶಿ, ರ್ಯೊಗೊಕು

ಯೊಕೊಹಾಮಾ-ಎ ಎಂದರೆ ಯೊಕೊಹಾಮಾದ ಚಿತ್ರ, ಆ ಬಂದರಿಗೆ ಬಂದ ವಿದೇಶಿಯರನ್ನು ತೋರಿಸುವ ಮರದಚ್ಚು. ಹೆಸರು ಕೇಳಿ ನೇರ ಯೊಕೊಹಾಮಾಕ್ಕೆ ಓಡಬಾರದು. ಈ ಚಿತ್ರಗಳ ಹೆಚ್ಚು ಪಾಲು ಬರೆದದ್ದು, ಕೆತ್ತಿದ್ದು, ಅಚ್ಚು ಹಾಕಿದ್ದು, ಮಾರಿದ್ದು ಎದೊದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ. 1858ರಲ್ಲಿ ಅಮೆರಿಕ, ಹಾಲೆಂಡ್, ರಷ್ಯಾ, ಬ್ರಿಟನ್, ಫ್ರಾನ್ಸ್ ಜೊತೆ ಒಪ್ಪಂದವಾಗಿ ಮರುವರ್ಷ ಬಂದರು ತೆರೆಯಿತು. ಒಪ್ಪಂದದಲ್ಲಿ ಬರೆದ ಊರು ಕಾನಾಗಾವಾ. ಅದು ತೊಕಾಯ್ದೊ ಹೆದ್ದಾರಿಯ ಮೇಲಿತ್ತು. ಹೆದ್ದಾರಿಯಲ್ಲಿ ಸಮುರಾಯ್‌ಗಳೂ ಪರದೇಶಿಗಳೂ ಎದುರುಬದುರಾಗುವುದು ಬೇಡವೆಂದು ಜಪಾನನ್ನು ಆಳುತ್ತಿದ್ದ ಶೋಗುನ್ ಎಂಬ ಸೇನಾಧಿಪತಿಯ ಸರ್ಕಾರ ಕೊಲ್ಲಿಯಾಚೆಯ ಮೀನುಗಾರರ ಹಳ್ಳಿ ಯೊಕೊಹಾಮಾದಲ್ಲಿ ಅವರಿಗೆ ಜಾಗ ಕೊಟ್ಟಿತು. ವ್ಯಾಪಾರಿಗಳು 10 ರಿ, ಅಂದರೆ ಸುಮಾರು 40 ಕಿ.ಮೀ. ದೂರದ ಎಲ್ಲೆ ದಾಟುವಂತಿರಲಿಲ್ಲ, ಎದೊದ ಕಡೆಗಂತೂ ಬರುವಂತೆಯೇ ಇರಲಿಲ್ಲ. ಒಂದು ದಿನದ ನಡಿಗೆಯ ದೂರದಲ್ಲಿ ಬಂದಿಳಿದಿರುವ, ಆದರೆ ಕಣ್ಣಿಗೆ ಬೀಳದ ಜನ! ಪ್ರಕಾಶಕರಿಗೆ ಇನ್ನೇನು ಬೇಕು? 1860, 1861 ಈ ಎರಡು ವರ್ಷಗಳಲ್ಲಿ ಅಂಗಡಿಗಳು ಇವುಗಳಿಂದಲೇ ತುಂಬಿಹೋದವು.

ಬೆಳಿಗ್ಗೆ ಶಿನ್-ನಿಹೊನ್‌ಬಾಶಿ ನಿಲ್ದಾಣದ 4ನೇ ದ್ವಾರದಿಂದ ಮೇಲೆ ಬನ್ನಿ. ನಾಗಸಾಕಿಯಾ ಎಂಬ ಹಳೆಯ ವಸತಿಗೃಹದ ಜಾಗವನ್ನು ತೋರಿಸುವ ಫಲಕ ಅಲ್ಲಿದೆ. ಅಷ್ಟೇ, ಕಟ್ಟಡ ಉಳಿದಿಲ್ಲ. ನಾಗಸಾಕಿ ಬಂದರಿನಲ್ಲಿದ್ದ ಡಚ್ ವ್ಯಾಪಾರಿಗಳು ಶೋಗುನ್‌ಗೆ ಕಾಣಿಕೆ ಒಪ್ಪಿಸಲು ಎದೊಗೆ ಬಂದಾಗ ಇಳಿದುಕೊಳ್ಳುತ್ತಿದ್ದುದು ಇಲ್ಲಿ. ಮೊದಲು ಪ್ರತಿ ವರ್ಷ, 1790ರಿಂದ ನಾಲ್ಕು ವರ್ಷಕ್ಕೊಮ್ಮೆ. ಚಿತ್ರಕಾರ ಹೊಕುಸಾಯ್ 1799ರ ಪುಸ್ತಕವೊಂದರಲ್ಲಿ ಈ ಕಿಟಕಿಯನ್ನೇ ಬಿಡಿಸಿದ್ದಾನೆ. ಒಳಗೆ ಟೋಪಿ ಹಾಕಿದ ಡಚ್ಚರು, ಹೊರಗೆ ಕತ್ತು ಉದ್ದ ಮಾಡಿ ಇಣುಕುತ್ತಿರುವ ಊರ ಜನ. ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬುದು ಆ ಚಿತ್ರದಲ್ಲಿ ತಿರುವುಮುರುವಾಗಿದೆ. ವಿದೇಶಿಯರ ಬಗ್ಗೆ ಜಪಾನಿನಲ್ಲಿ ಬಂದ ಚಿತ್ರಗಳಲ್ಲಿ ಇದಕ್ಕಿಂತ ಜಾಣತನದ್ದು ಕಡಿಮೆ.

ಮಧ್ಯಾಹ್ನ ರ್ಯೊಗೊಕುಗೆ. ಇಲ್ಲಿ 2016ರಲ್ಲಿ ತೆರೆದ ಸುಮಿದಾ ಹೊಕುಸಾಯ್ ಸಂಗ್ರಹಾಲಯವಿದೆ. ಆದರೆ ಈ ಪ್ರವಾಸಕ್ಕೆ ಮುಖ್ಯ ಸೇತುವೆ. ಸೇತುವೆಯ ಎರಡೂ ಬದಿಯ ಬಯಲು ಎದೊದ ಜಾತ್ರೆ ಮೈದಾನವಾಗಿತ್ತು. ಡಚ್ಚರು 1821ರಲ್ಲಿ ನಾಗಸಾಕಿಗೆ ತಂದ ಜೋಡಿ ಒಂಟೆಗಳು 1824ರಲ್ಲಿ ಇಲ್ಲಿ ಬಂದವು. 1860ರಲ್ಲಿ ಚಿರತೆ ಬಂತು. ಚಿರತೆ ಎಂದರೆ ಹೆಣ್ಣು ಹುಲಿ ಎಂಬ ನಂಬಿಕೆ ಇದ್ದುದರಿಂದ ಚಿತ್ರಗಳ ಮೇಲೆ ‘ಹುಲಿ’ ಎಂದೇ ಅಚ್ಚಾಯಿತು. ಮೈ ತುಂಬ ಚುಕ್ಕೆ, ಹೆಸರು ಹುಲಿ. ವಸ್ತುಸಂಗ್ರಹಾಲಯದ ಲೇಬಲ್ ತಪ್ಪಾಗಿದೆ ಎಂದು ದೂರು ಕೊಡಲು ಹೋಗಬೇಡಿ. 1863ರಲ್ಲಿ ಬಂದದ್ದು ಆನೆ. ಯೊಶಿತೊಯೊ ಬಿಡಿಸಿದ ಹಾಳೆಯ ಶೀರ್ಷಿಕೆಯಲ್ಲಿ ‘ಮಧ್ಯ ತೆನ್‌ಜಿಕುವಿನ ಮಾರಿಗಾದಲ್ಲಿ ಹುಟ್ಟಿದ್ದು’ ಎಂದಿದೆ. ತೆನ್‌ಜಿಕು ಎಂದರೆ ಬುದ್ಧನ ನಾಡು, ನಮ್ಮ ಭಾರತ. ಮಾರಿಗಾ ಎಂದರೆ ಮಲಾಕ್ಕಾ. ಮಲಯದ ಆನೆಯೂ ಎದೊದವರ ಭೂಗೋಳದಲ್ಲಿ ಭಾರತದ ಆನೆ. ಅದನ್ನು ಒಮ್ಮೆ ನೋಡಿದರೆ ಏಳು ಕಷ್ಟ ತೊಲಗಿ ಏಳು ಭಾಗ್ಯ ಬರುತ್ತದೆ ಎಂದೂ ಹಾಳೆಯಲ್ಲಿ ಬರೆದಿದ್ದಾರೆ. ಟಿಕೆಟ್ ಮಾರುವ ಭಾಷೆ ಅಂದೂ ಇದೇ.

ಎರಡನೇ ದಿನ: ಹಲಗೆ, ಹಾಳೆ, ಮುದ್ರೆ

ಅಚ್ಚು ಹಾಕುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಮುಂದಿನ ನಾಲ್ಕು ದಿನ ಚಿತ್ರಗಳು ಬೇರೆ ಥರ ಕಾಣುತ್ತವೆ. ಟೋಕಿಯೋದಲ್ಲಿ ಪ್ರಾತ್ಯಕ್ಷಿಕೆ ಕೊಡುವ, ಕೈಗೆ ಬಾರೆನ್ ಎಂಬ ಉಜ್ಜುವ ಬಿಲ್ಲೆ ಕೊಟ್ಟು ಒಂದು ಹಾಳೆ ತೆಗೆಸುವ ಕಾರ್ಯಾಗಾರಗಳಿವೆ. ಮುಂಗಡ ಕಾಯ್ದಿರಿಸಬೇಕು.

ಕೆಲಸದ ಕ್ರಮ ಇದು. ಚಿತ್ರಕಾರ ತೆಳು ಕಾಗದದ ಮೇಲೆ ಬರೀ ಗೆರೆಯ ಚಿತ್ರ ಬರೆಯುತ್ತಾನೆ. ಅದನ್ನು ಕಾಡು ಚೆರ್ರಿ ಮರದ ಹಲಗೆಯ ಮೇಲೆ ಬೋರಲು ಅಂಟಿಸಿ, ಹಿಂದಿನ ಕಾಗದವನ್ನು ಬೆರಳಿನಿಂದ ಉಜ್ಜಿ ತೆಗೆದು, ಗೆರೆ ಉಳಿಸಿ ಸುತ್ತಲಿನ ಮರ ಕೆತ್ತುತ್ತಾರೆ. ಮೂಲ ಚಿತ್ರ ಅಲ್ಲಿಗೆ ಮುಗಿಯಿತು. ಅದು ಕೆತ್ತಿ ತೆಗೆದ ಮರದ ಚೂರಿನ ಜೊತೆಗೇ ಹೋಗುತ್ತದೆ. ಗೆರೆ ಹಲಗೆಯಿಂದ ಕಪ್ಪು ಪ್ರತಿಗಳನ್ನು ತೆಗೆದು, ಒಂದೊಂದರ ಮೇಲೂ ಒಂದೊಂದು ಬಣ್ಣದ ಜಾಗ ಗುರುತಿಸಿ, ಬಣ್ಣಕ್ಕೊಂದರಂತೆ ಹಲಗೆ ಕೆತ್ತುತ್ತಾರೆ. ಪ್ರತಿ ಹಲಗೆಯ ಮೂಲೆಯಲ್ಲಿ ಎಲ್-ಆಕಾರದ ಒಂದು ಕಚ್ಚು, ಅದೇ ಅಂಚಿನಲ್ಲಿ ಮುಂದೆ ನೇರ ಗೆರೆಯ ಇನ್ನೊಂದು ಕಚ್ಚು. ಎರಡೂ ಸೇರಿ ‘ಕೆಂತೊ’. ಕಾಗದದ ಮೂಲೆ ಮತ್ತು ಅಂಚು ಈ ಎರಡಕ್ಕೂ ತಾಗಿ ಕೂತರೆ ಎಲ್ಲ ಬಣ್ಣವೂ ತನ್ನ ಗೆರೆಯೊಳಗೇ ಬೀಳುತ್ತದೆ.

ತಪ್ಪುವುದು ಎಲ್ಲಿ? ಬಹುತೇಕ ಸಲ ತೇವದಲ್ಲಿ. ಕೊಝೊ ಎಂಬ ಗಿಡದ ತೊಗಟೆಯ ಕಾಗದಕ್ಕೆ ಮೊದಲು ಪ್ರಾಣಿಜನ್ಯ ಅಂಟು, ಪಟಿಕ ಬೆರೆಸಿದ ನೀರು ಬಳಿದು ಒಣಗಿಸಿರುತ್ತಾರೆ. ಅಚ್ಚಿನ ಮೊದಲು ಸಮನಾಗಿ ತೇವ ಮಾಡಿಡುತ್ತಾರೆ. ತೇವ ಹೆಚ್ಚಾದರೆ ಬಣ್ಣ ಗೆರೆ ದಾಟಿ ಹರಡುತ್ತದೆ. ಕಡಿಮೆಯಾದರೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಚುಕ್ಕೆ. ಕೆಲಸದ ನಡುವೆ ಒಣಗಿದರೆ ಕಾಗದ ಒಂದು ಕೂದಲಿನಷ್ಟು ಕುಗ್ಗುತ್ತದೆ, ಕೆಂತೊಗೆ ಸರಿಯಾಗಿ ತಾಗಿಸಿದರೂ ಕೆಂಪು ತುಟಿ ಕೆನ್ನೆಯ ಮೇಲೆ ಬೀಳುತ್ತದೆ. ಬಣ್ಣಕ್ಕೆ ಅಕ್ಕಿ ಗಂಜಿಯ ಅಂಟು ಸ್ವಲ್ಪ ಸೇರಿಸಲೇಬೇಕು, ಇಲ್ಲವಾದರೆ ಮೈ ನುಣುಪಾಗದು. ಬಾರೆನ್ ಎಂದರೆ ಬಿದಿರಿನ ಪೊರೆ ಸುತ್ತಿದ ದುಂಡು ಬಿಲ್ಲೆ. ಹೊಸಬರು ಅಂಗೈಯಿಂದ ಒತ್ತುತ್ತಾರೆ. ಮೈಭಾರ ಹಾಕಿ ಅಂಕುಡೊಂಕಾಗಿ ಉಜ್ಜಬೇಕು.

ಯೊಕೊಹಾಮಾ-ಎಗಳಲ್ಲಿ ಅಂಚು ದಾಟಿದ ಬಣ್ಣ ಹೆಚ್ಚು ಕಾಣುವುದಕ್ಕೆ ಕಾರಣ ಅವಸರ. ಇವು ಸುದ್ದಿ, ನಾಳೆಗೆ ಹಳಸುವ ಸರಕು. ಕೆತ್ತನೆಯಲ್ಲಿ ಕೂದಲೆಳೆಯ ನಾಜೂಕು ಹುಡುಕಬೇಡಿ.

ಮಧ್ಯಾಹ್ನ ಕಾಂದಾ ಜಿಂಬೊಚೊ, ಹಳೆ ಪುಸ್ತಕದ ಬೀದಿ. 1882ರಲ್ಲಿ ಶುರುವಾದ ಓಯಾ ಶೋಬೊದಂಥ ಅಂಗಡಿಗಳಲ್ಲಿ ಅಸಲು ಹಾಳೆಗಳನ್ನು ನೋಡಬಹುದು. ಕೈ ತೊಳೆದು, ಕೇಳಿ, ಎರಡೂ ಕೈಯಲ್ಲಿ ಎತ್ತಬೇಕು. ವಾಡಿಕೆಯ ‘ಓಬಾನ್’ ಅಳತೆ ಸುಮಾರು 39 × 26 ಸೆಂ.ಮೀ.; ಮೂರು ಹಾಳೆ ಸೇರಿಸಿದರೆ ಮುಕ್ಕಾಲು ಮೀಟರ್ ಅಗಲ. ಕೊಳ್ಳುವ ಆಸೆಯಿದ್ದರೆ ಮೊದಲು ಹಾಳೆಯನ್ನು ತಿರುಗಿಸಿ ಅದರ ಬೆನ್ನು ನೋಡಿ. ಅಸಲಿನಲ್ಲಿ ಬಣ್ಣ ನಾರಿನೊಳಗೆ ಇಳಿದು ಹಿಂದಕ್ಕೂ ತುಸು ಒಸರಿರುತ್ತದೆ, ಬಾರೆನ್ ಉಜ್ಜಿದ ಸುಳಿ ಅಡ್ಡ ಬೆಳಕಿಗೆ ಕಾಣುತ್ತದೆ. ಹಿಂದೆ ಬೇರೆ ಕಾಗದ ಅಂಟಿಸಿದ್ದರೆ ಇದೆಲ್ಲ ಮರೆಯಾಗುತ್ತದೆ. ಹುಳು ತಿಂದ ತೂತನ್ನೂ ಹಾಗೇ ಮುಚ್ಚುತ್ತಾರೆ. ಮೂರು ಹಾಳೆಯ ಚಿತ್ರವಾದರೆ ಅಕ್ಕಪಕ್ಕ ಜೋಡಿಸಿ ಕಡಲ ನೀಲಿ ಹೊಂದುತ್ತದೆಯೇ ನೋಡಿ. ಒಂದು ಹಾಳೆಯ ನೀಲಿ ಮಾತ್ರ ಮಾಸಿದ್ದರೆ ಅದು ಬೇರೆ ಮನೆಯಿಂದ ಬಂದ ಸೊಸೆ.

ಕಾಲ ಗುರುತಿಸಲು ದಾರಿ ಸುಲಭ. 1859ರಿಂದ ಎದೊದ ಹಾಳೆಗಳಲ್ಲಿ ಸರ್ಕಾರಿ ಪರಿಶೀಲನೆಯ ಒಂದೇ ದುಂಡು ಮುದ್ರೆ ಇರುತ್ತದೆ. ಅದರೊಳಗೆ ಮೂರು ಸಂಗತಿ: ವರ್ಷದ ಪ್ರಾಣಿ, ತಿಂಗಳ ಸಂಖ್ಯೆ, ‘ಪರಿಶೀಲಿಸಿದೆ’ ಎಂಬ ಅಕ್ಷರ. 1859 ಕುರಿ, 1860 ಮಂಗ, 1861 ಹುಂಜ, 1862 ನಾಯಿ, 1863 ಹಂದಿ. ಮಂಗದ ಅಕ್ಷರ ಅಡ್ಡಗೆರೆಯಿರುವ ಚೌಕದ ನಡುವೆ ಮೇಲಿಂದ ಕೆಳಕ್ಕೆ ಚುಚ್ಚಿದ ಕಡ್ಡಿಯ ಹಾಗೆ. ಹುಂಜದ ಅಕ್ಷರ ಮುಚ್ಚಳ ಹಾಕಿದ, ಹೊಟ್ಟೆಯಲ್ಲಿ ಗೆರೆಯಿರುವ ಹೆಂಡದ ಗಡಿಗೆಯ ಹಾಗೆ. ಈ ಎರಡನ್ನು ಗುರುತು ಹಿಡಿದರೆ ಯೊಕೊಹಾಮಾ-ಎಗಳ ದೊಡ್ಡ ಪಾಲಿನ ಕಾಲ ಹೇಳಬಹುದು. ತಿಂಗಳು ಚಾಂದ್ರಮಾನದ್ದು. 1860ರಲ್ಲಿ ಮೂರನೇ ತಿಂಗಳು ಅಧಿಕ ಮಾಸವಾಗಿ ಎರಡು ಸಲ ಬಂದಿದೆ, ಆಗ ಮುದ್ರೆಯಲ್ಲಿ ‘ಅಧಿಕ’ ಎಂಬ ಅಕ್ಷರವೂ ಸೇರುತ್ತದೆ. ಪಂಚಾಂಗ ನೋಡುವವರಿಗೆ ಇದು ಹೊಸದೇನಲ್ಲ.

ಮೂರನೇ ದಿನ: ಯೊಕೊಹಾಮಾ, ನಕಾಶೆ ಹಿಡಿದು

ಶಿಬುಯಾದಿಂದ ತೊಯೊಕೊ ಮಾರ್ಗದ ರೈಲು ನೇರ ಮಿನಾತೊ ಮಿರಾಯ್ ಮಾರ್ಗಕ್ಕೆ ಸೇರುತ್ತದೆ. ಸುಮಾರು 40 ನಿಮಿಷಕ್ಕೆ ನಿಹೊನ್-ಓದೊರಿ ನಿಲ್ದಾಣ. ಗೊಉನ್‌ತೆಯ್ ಸದಾಹಿದೆ ಎಂಬ ಚಿತ್ರಕಾರ ಬಿಡಿಸಿದ, ಹಕ್ಕಿಗಣ್ಣಿನಿಂದ ನೋಡಿದಂಥ ಬಂದರಿನ ಚಿತ್ರದ ಪ್ರತಿಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಮೇಲೆ ಬನ್ನಿ. ನಡುವೆ ಸುಂಕದ ಕಚೇರಿ, ಅದರ ಒಂದು ಕಡೆ ಜಪಾನಿ ಅಂಗಡಿಗಳು, ಇನ್ನೊಂದು ಕಡೆ ಪರದೇಶಿಗಳ ಮನೆಗಳು. ಸುಂಕದ ಕಚೇರಿಯ ಜಾಗದಲ್ಲೇ ಇಂದು ಕಾನಾಗಾವಾ ಪ್ರಾಂತ ಸರ್ಕಾರದ ಕಟ್ಟಡವಿದೆ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಜಪಾನಿ ಪೇಟೆ, ಬಲಕ್ಕೆ ವಿದೇಶಿ ವಸತಿ. 160 ವರ್ಷದ ಹಿಂದಿನ ಚಿತ್ರದಿಂದ ಇಂದಿಗೂ ದಾರಿ ಹುಡುಕಬಹುದು. ಸದಾಹಿದೆ ಊರನ್ನು ನಿಜವಾಗಿ ತಿರುಗಿ ನೋಡಿದವನು ಎನ್ನುವುದಕ್ಕೆ ಇಷ್ಟು ಸಾಕು.

ಪಕ್ಕದಲ್ಲೇ ಯೊಕೊಹಾಮಾ ಬಂದರು ಇತಿಹಾಸ ದಾಖಲಾಲಯ. ಹಿಂದೆ ಬ್ರಿಟಿಷ್ ಕಾನ್ಸುಲೇಟ್ ಆಗಿದ್ದ 1931ರ ಕಟ್ಟಡದಲ್ಲಿದೆ. ಅಂಗಳದ ತಮಾಕುಸು ಮರವನ್ನು ನೋಡದೆ ಬರಬೇಡಿ. 1854ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಪೆರಿ ದಂಡು ಕಟ್ಟಿಕೊಂಡು ಯೊಕೊಹಾಮಾದಲ್ಲಿ ಇಳಿದ ದೃಶ್ಯವನ್ನು ಅವನ ಜೊತೆಗಿದ್ದ ಚಿತ್ರಕಾರ ಹೈನೆ ಬಿಡಿಸಿದ್ದಾನೆ. ಆ ಚಿತ್ರದ ಬಲ ಅಂಚಿನಲ್ಲಿರುವ ಮರ ಇದೇ ಎನ್ನುತ್ತಾರೆ. 1866ರ ಬೆಂಕಿಯಲ್ಲಿ ಸುಟ್ಟು ಚಿಗುರಿತು, 1923ರ ಭೂಕಂಪದ ಬೆಂಕಿಯಲ್ಲಿ ಮತ್ತೆ ಸುಟ್ಟು ಬುಡದಿಂದ ಮತ್ತೆ ಚಿಗುರಿತು.

ಇಲ್ಲಿಂದ ಮುಂದೆ ಪ್ರತಿ ಚಿತ್ರಕ್ಕೂ ಒಂದೇ ಪ್ರಶ್ನೆ ಹಾಕಿ: ಇದರಲ್ಲಿ ಕಂಡು ಬರೆದದ್ದು ಯಾವುದು, ನಕಲು ಹೊಡೆದದ್ದು ಯಾವುದು? ಯೊಶಿಕಜು, ಯೊಶಿತೊರಾ, ಯೊಶಿಇಕು ಇವರೆಲ್ಲ ಮರದಚ್ಚಿನ ಚಿತ್ರಕಾರ ಕುನಿಯೊಶಿಯ ಶಿಷ್ಯರು, ಎದೊದ ನಟರನ್ನೂ ವೀರರನ್ನೂ ಬರೆದು ಕೈ ಪಳಗಿದವರು. ಲಂಡನ್ನಿನ, ಅಮೆರಿಕದ ಸಚಿತ್ರ ವಾರಪತ್ರಿಕೆಗಳು ಕೈಗೆ ಸಿಕ್ಕಿದ್ದವು. 1860ರ ಯೊಕೊಹಾಮಾದಲ್ಲಿ ಪಾಶ್ಚಾತ್ಯ ಹೆಂಗಸರು ಬೆರಳೆಣಿಕೆಯಷ್ಟು. ಆದರೂ ಚಿತ್ರಗಳಲ್ಲಿ ಅವರದೇ ಸಂತೆ. ಹತ್ತಿರದಿಂದ ನೋಡಿ: ಗಂಟೆಯ ಹಾಗೆ ಉಬ್ಬಿದ ಲಂಗ ಪತ್ರಿಕೆಯಿಂದ ಬಂದದ್ದು, ಮುಖ ಮಾತ್ರ ಎದೊ ಸುಂದರಿಯದು, ಅದೇ ಉದ್ದ ಮುಖ, ಅದೇ ಸಣ್ಣ ಬಾಯಿ. ಮೂಗಿನ ಪಕ್ಕ, ಬಟ್ಟೆಯ ಮಡಿಕೆಯಲ್ಲಿ ಒತ್ತಾದ ಸಣ್ಣ ಅಡ್ಡಗೆರೆಗಳಿದ್ದರೆ ಅದು ಪಾಶ್ಚಾತ್ಯ ಕೆತ್ತನೆಯ ನೆರಳನ್ನು ಅನುಕರಿಸಿದ ಗುರುತು. ಜಪಾನಿ ಮರದಚ್ಚಿನಲ್ಲಿ ಮುಖಕ್ಕೆ ನೆರಳು ಹಾಕುವ ಪದ್ಧತಿಯೇ ಇರಲಿಲ್ಲ. ಹಿಮ್ಮಡಿ ಎತ್ತರಿಸಿದ ಬೂಟು, ಕುದುರೆಯ ಜೀನು, ನಾಯಿಯ ಕೊರಳಪಟ್ಟಿ, ಅಡಿಗೆಮನೆಯಲ್ಲಿ ತೂಗುಹಾಕಿದ ಮಾಂಸ, ಇವುಗಳ ಮೇಲಿನ ಗೆರೆ ಒಮ್ಮೆಲೇ ಚುರುಕಾಗುತ್ತದೆ. ಅಲ್ಲಿ ಯಾರೋ ನಿಂತು ನೋಡಿದ್ದಾರೆ. ಯೊಶಿಕಜುವಿನ ವಿದೇಶಿ ಮನೆಯ ಅಡಿಗೆಯ ಚಿತ್ರ ಈ ಕಾರಣಕ್ಕೇ ಒಳ್ಳೆಯದು.

ಅದೇ ಯೊಶಿಕಜು 1861ರಲ್ಲಿ ‘ಅಮೆರಿಕದ ಉಗಿಬಂಡಿಯ ಓಡಾಟ’ ಎಂದು ಮೂರು ಹಾಳೆ ಬರೆದ. ಜಪಾನಿನಲ್ಲಿ ರೈಲು ಬಂದದ್ದು 1872ರಲ್ಲಿ. ಅವನ ರೈಲು ಹಡಗಿನ ಒಡಲಿಗೆ ಗಾಲಿ ಕಟ್ಟಿದಂತಿದೆ. ನಗಬಹುದು, ಆದರೆ ತರ್ಕ ಸರಿಯಾಗಿದೆ: ಉಗಿಯಿಂದ ಓಡುವ ವಸ್ತು ಎಂದರೆ ಅಂದಿನ ಜನ ಹೆಚ್ಚಾಗಿ ಕಂಡಿದ್ದು ಹಡಗನ್ನೇ.

ಹೆಸರುಗಳಿಗೆ ಬಂದರೆ, ನಮ್ಮ ಪರಂಗಿ ಎಂಬ ಮಾತಿನ ಹಾಗೆ ಅಲ್ಲೂ ಮೂರ್ನಾಲ್ಕು ಪದ. ಪೋರ್ಚುಗೀಸರು ‘ನಾನ್‌ಬಾನ್’, ತೆಂಕಣ ಅನಾಗರಿಕರು. ಡಚ್ಚರು ‘ಕೋಮೊ’, ಕೆಂಪು ಕೂದಲವರು. ಯೊಕೊಹಾಮಾಕ್ಕೆ ಬರುವ ಹೊತ್ತಿಗೆ ಬರೀ ‘ಇಜಿನ್’, ಬೇರೆ ಜನ. ಚಿತ್ರದ ಮೂಲೆಯ ಪಟ್ಟಿಯಲ್ಲಿ ದೇಶದ ಹೆಸರು ಇರುತ್ತದೆ: ಅಮೆರಿಕಾ, ಇಗಿರಿಸು (ಬ್ರಿಟನ್), ಫುರಾನ್ಸು (ಫ್ರಾನ್ಸ್), ಒರೊಶಿಯಾ (ರಷ್ಯಾ), ಒರಾಂದಾ (ಹಾಲೆಂಡ್), ಜೊತೆಗೆ ಚೀನಿಯರಿಗೆ ನಾನ್‌ಕಿನ್. ಪಟ್ಟಿಯನ್ನು ಪೂರ್ತಿ ನಂಬಬೇಡಿ. ಒಂದೇ ಭಂಗಿಯ ಮನುಷ್ಯ ಒಂದು ಹಾಳೆಯಲ್ಲಿ ಫ್ರೆಂಚ್, ಇನ್ನೊಂದರಲ್ಲಿ ರಷ್ಯನ್.

ಸಂಜೆ ಸಮುದ್ರದ ಕಡೆ ಜೊನೊಹಾನಾ ಉದ್ಯಾನಕ್ಕೆ. ಹೆಸರಿನ ಅರ್ಥ ಆನೆಯ ಮೂಗು. ಬಾಗಿದ ಹಳೆಯ ಹಡಗುಕಟ್ಟೆ ಸೊಂಡಿಲಿನ ಹಾಗಿದೆ. ಅಲ್ಲಿಂದ ನೇರ ಒಳಕ್ಕೆ ನಡೆದರೆ ಯೊಕೊಹಾಮಾ ಪಾರ್ಕ್. ಇದು ಜವುಗು ತುಂಬಿ ಕಟ್ಟಿದ ಮಿಯೊಝಾಕಿ ಎಂಬ ವೇಶ್ಯಾವಾಟಿಕೆಯ ಜಾಗ. ಅಲ್ಲಿನ ಗಾನ್‌ಕಿರೊ ಎಂಬ ದೊಡ್ಡ ಮನೆಯನ್ನು ಬರೆಯದ ಯೊಕೊಹಾಮಾ-ಎ ಚಿತ್ರಕಾರನೇ ಇಲ್ಲ ಎನ್ನಬಹುದು: ಬೀಸಣಿಗೆ ಚಿತ್ತಾರದ ಕೋಣೆ, ಮೇಜಿನ ಸುತ್ತ ವಿದೇಶಿಯರು, ಸಂಗೀತ. ಹೆಣ್ಣುಮಕ್ಕಳನ್ನು ಸಾಲಕ್ಕೆ ಬಿಗಿದು ಇಟ್ಟಿದ್ದ ಮನೆ ಅದು. ಚಿತ್ರಗಳು ಅದನ್ನು ಹೇಳುವುದಿಲ್ಲ, ಅವು ಜಾಹೀರಾತು. 1866ರಲ್ಲಿ ಹಂದಿಮಾಂಸದ ಅಂಗಡಿಯಿಂದ ಎದ್ದ ಬೆಂಕಿಯಲ್ಲಿ ಎಲ್ಲ ಬೂದಿಯಾಯಿತು. ಉದ್ಯಾನದ ಜಪಾನಿ ತೋಟದಲ್ಲಿ ಆ ಮನೆಯ ಹೆಸರು ಕೆತ್ತಿದ ಒಂದು ಕಲ್ಲುದೀಪ ಮಾತ್ರ ಉಳಿದಿದೆ. ಬೇಸ್‌ಬಾಲ್ ಮೈದಾನದ ಮಗ್ಗುಲಲ್ಲಿ, ಹುಡುಕಿದರೆ ಸಿಗುತ್ತದೆ.

ನಾಲ್ಕನೇ ದಿನ: ಯೊಕೊಹಾಮಾದ ಬಾಶಾಮಿಚಿ ಬೀದಿ

ಕಾನಾಗಾವಾ ಪ್ರಾಂತದ ಸಾಂಸ್ಕೃತಿಕ ಇತಿಹಾಸ ಸಂಗ್ರಹಾಲಯ 1904ರಲ್ಲಿ ಕಟ್ಟಿದ ಹಳೆಯ ಯೊಕೊಹಾಮಾ ಸ್ಪೀಸಿ ಬ್ಯಾಂಕಿನ ಗುಮ್ಮಟದ ಕಟ್ಟಡ. ತಾನ್‌ಬಾ ಸಂಗ್ರಹ ಎಂಬ ಸುಮಾರು 6,000 ಉಕಿಯೊ-ಎಗಳ ಗಂಟು ಇಲ್ಲಿದೆ, ಅದರಲ್ಲಿ ಯೊಕೊಹಾಮಾ-ಎ ಧಾರಾಳ. ಕಟ್ಟಡ ಹಳೆಯದು, ದುರಸ್ತಿಗಾಗಿ ದೀರ್ಘ ಕಾಲ ಮುಚ್ಚುವುದುಂಟು. ಇದೊಂದರ ದಿನಾಂಕ ಖಚಿತ ಮಾಡಿಕೊಂಡೇ ಇಡೀ ಪ್ರವಾಸದ ಟಿಕೆಟ್ ತೆಗೆಯಿರಿ.

ಸದಾಹಿದೆಯ 1861ರ ಐದು ಹಾಳೆಯ ಚಿತ್ರ, ಪಾಶ್ಚಾತ್ಯರು ಹಡಗಿಗೆ ಸರಕು ಸಾಗಿಸುವ ದೃಶ್ಯ, ಎಲ್ಲಾದರೂ ತೂಗುಹಾಕಿದ್ದರೆ ಅರ್ಧ ಗಂಟೆ ಅದಕ್ಕೇ ಕೊಡಿ. ಸುಮಾರು 125 ಸೆಂ.ಮೀ. ಅಗಲ. ಮೊದಲು ಹತ್ತು ಹೆಜ್ಜೆ ದೂರದಿಂದ, ಆಮೇಲೆ ದೂರದರ್ಶಕ ಹಾಕಿ ಹಗ್ಗಗಳನ್ನು ಮಾತ್ರ ಹಿಂಬಾಲಿಸಿ. ಒಂದು ಹಾಳೆಯ ಹಗ್ಗ ಮುಂದಿನ ಹಾಳೆಯಲ್ಲಿ ಎಲ್ಲಿಂದ ಮುಂದುವರಿಯುತ್ತದೆ? ಹಾಳೆಗಳನ್ನು ಬೇರೆಬೇರೆ ಹಲಗೆಯಲ್ಲಿ ಕೆತ್ತಿ ಬೇರೆಬೇರೆಯಾಗಿ ಅಚ್ಚು ಹಾಕಿದ್ದರಿಂದ ಸೇರುವಲ್ಲಿ ಒಂದೆರಡು ಮಿ.ಮೀ. ಏರುಪೇರು ಇರುವುದು ಸಹಜ. ಹಿಂದಿನ ಒಡೆಯರು ಅಂಚು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದ್ದರೆ ಹಗ್ಗ ಥಟ್ಟನೆ ತುಂಡಾಗುತ್ತದೆ.

ಐದನೇ ದಿನ: ಕೋಬೆ

ಶಿನ್-ಯೊಕೊಹಾಮಾದಿಂದ ನೊಜೊಮಿ ರೈಲಿನಲ್ಲಿ ಶಿನ್-ಕೋಬೆಗೆ ಎರಡೂವರೆ ಗಂಟೆಯೊಳಗೆ. ಕೋಬೆ ನಗರ ಸಂಗ್ರಹಾಲಯವೂ ಅದೇ ಯೊಕೊಹಾಮಾ ಸ್ಪೀಸಿ ಬ್ಯಾಂಕಿನ 1935ರ ಶಾಖೆಯ ಕಟ್ಟಡದಲ್ಲಿದೆ! ಇಲ್ಲಿನ ಜೀವಾಳ ಇಕೆನಾಗಾ ಹಾಜಿಮೆ ಕೂಡಿಟ್ಟ ವಿದೇಶಿ ಛಾಯೆಯ ಕಲೆ: ಪೋರ್ಚುಗೀಸರ ಕಾಲದ ಮಡಿಕೆ ಪರದೆಗಳಿಂದ ನಾಗಸಾಕಿ ಅಚ್ಚುಗಳವರೆಗೆ. ಕಾನೊ ನಾಯ್‌ಝೆನ್‌ನ ಜೋಡಿ ಪರದೆಯಲ್ಲೊಂದು ಆನೆಯಿದೆ, ಮರದಚ್ಚಲ್ಲ, ಚಿನ್ನದ ಹಾಳೆಯ ಮೇಲಿನ ವರ್ಣಚಿತ್ರ. ಆನೆಯ ಕಾಲುಗಳನ್ನು ನೋಡಿ, ರ್ಯೊಗೊಕುವಿನ 1863ರ ಆನೆಯ ಕಾಲುಗಳನ್ನು ನೆನಪಿಸಿಕೊಳ್ಳಿ. ಮೂಲ ಪರದೆ ಯಾವಾಗಲೂ ಹೊರಗಿರುವುದಿಲ್ಲ. ಉಳಿದ ಹೊತ್ತಿಗೆ ಕೋಬೆಯಲ್ಲಿ ಊಟ ಮಾಡಿ ಮಲಗಿ, ನಾಳೆ ಬೇಗ ಏಳಬೇಕು.

ಆರನೇ ದಿನ: ನಾಗಸಾಕಿ

ಶಿನ್-ಕೋಬೆಯಿಂದ ಹಕಾತಾ, ಅಲ್ಲಿಂದ ರಿಲೇ ಕಾಮೊಮೆ ರೈಲು ತಾಕೆಒ-ಓನ್‌ಸೆನ್‌ವರೆಗೆ, ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಯಲ್ಲಿ ನಿಂತಿರುವ ಕಾಮೊಮೆ ಶಿಂಕಾನ್‌ಸೆನ್ ಹತ್ತಿ ನಾಗಸಾಕಿ. 2022ರ ಸೆಪ್ಟೆಂಬರಿನಿಂದ ಈ ವ್ಯವಸ್ಥೆ. ಅದಲುಬದಲಿಗೆ ಮೂರ್ನಾಲ್ಕು ನಿಮಿಷ ಮಾತ್ರ ಸಿಗುತ್ತದೆ, ಚೀಲ ಮೊದಲೇ ಇಳಿಸಿಕೊಂಡಿರಿ. ನಿಲ್ದಾಣದಿಂದ ಟ್ರಾಮ್ ಹಿಡಿದರೆ ದೆಜಿಮಾ.

ಬೀಸಣಿಗೆ ಆಕಾರದ ಈ ಕೃತಕ ದ್ವೀಪ 1636ರಲ್ಲಿ ಪೋರ್ಚುಗೀಸರಿಗಾಗಿ ಮುಗಿಯಿತು. ಮೂರೇ ವರ್ಷಕ್ಕೆ ಅವರನ್ನು ಹೊರಹಾಕಿ, 1641ರಲ್ಲಿ ಡಚ್ಚರನ್ನು ತಂದು ಕೂರಿಸಿದರು. ಒಟ್ಟು ವಿಸ್ತೀರ್ಣ ಒಂದೂವರೆ ಹೆಕ್ಟೇರ್, ನಾಲ್ಕು ಎಕರೆಗೂ ಕಡಿಮೆ. ಇಂದು ಸುತ್ತ ಸಮುದ್ರವಿಲ್ಲ, ಟ್ರಾಮ್ ದಾರಿ ಇದೆ. 2017ರಲ್ಲಿ ಕಟ್ಟಿದ ಸೇತುವೆಯ ಮೇಲಿಂದಲೇ ಒಳಗೆ ಹೋಗಿ. ಹಳೆಯ ಪ್ರವೇಶವಿದ್ದದ್ದು ಆ ಕಡೆ.

ನಾಗಸಾಕಿ-ಎಗಳು ಯೊಕೊಹಾಮಾ-ಎಗಳಿಗಿಂತ ನೂರು ವರ್ಷ ಹಿಂದಿನಿಂದ ಬಂದವು. ಸ್ಥಳೀಯ ಪ್ರಕಾಶಕರು, ಬಂದುಹೋಗುವ ಜಪಾನಿ ಪ್ರವಾಸಿಗರಿಗೆ ಊರಿನ ನೆನಪಿಗೆ ಮಾರುವ ಸರಕು. ಎದೊದ ದುಂಡು ಮುದ್ರೆಯನ್ನು ಇವುಗಳ ಮೇಲೆ ಹುಡುಕಬೇಡಿ. ಹಳೆಯವಕ್ಕೆ ಗೆರೆ ಮಾತ್ರ ಅಚ್ಚು, ಬಣ್ಣ ಕತ್ತರಿಸಿದ ಕೊರೆಯಚ್ಚಿನ ಮೂಲಕ ಬಳಿದದ್ದು. ಬಣ್ಣದ ಅಂಚಿನಲ್ಲಿ ಕುಂಚದ ಎಳೆ ಕಂಡರೆ ಅದೇ. ಎದೊದ ಎಯ್‌ಸೆನ್‌ನ ಶಿಷ್ಯ ಇಸೊನೊ ಬುನ್‌ಸಾಯ್ ಇಲ್ಲಿನ ಯಮಾತೊಯಾ ಎಂಬ ಪ್ರಕಾಶಕರ ಮನೆಗೆ ಅಳಿಯನಾಗಿ ಬಂದ ಮೇಲೆ ಹಲವು ಹಲಗೆಯ ಬಣ್ಣದಚ್ಚು ಬೇರೂರಿತು. ಡಚ್ಚನ ಹಿಂದೆ ಛತ್ರಿ ಹಿಡಿದ ಜಾವಾದ ಆಳು ಈ ಚಿತ್ರಗಳಲ್ಲಿ ಮತ್ತೆಮತ್ತೆ ಬರುತ್ತಾನೆ. ಇವರೆಲ್ಲ ಚಿತ್ರಕಾರನ ಕಣ್ಣೆದುರು ಓಡಾಡಿದವರು, ಆದ್ದರಿಂದ ಯೊಕೊಹಾಮಾದ ಸಂತೆಗಿಂತ ಈ ಗೆರೆಗೆ ನಂಬಿಕೆ ಜಾಸ್ತಿ.

ಕೊನೆಯದಾಗಿ ಟಿಟಿಯಾ ಬರ್ಗ್ಸ್ಮಾಳನ್ನು ಹುಡುಕಿ. ದೆಜಿಮಾದ ಮುಖ್ಯಸ್ಥನಾಗಿ ಬಂದ ಬ್ಲೊಮ್‌ಹಾಫ್‌ನ ಹೆಂಡತಿ. 1817ರ ಆಗಸ್ಟಿನಲ್ಲಿ ಪುಟ್ಟ ಮಗು, ದಾದಿಯ ಜೊತೆ ಬಂದಳು. ದ್ವೀಪದಲ್ಲಿ ಪಾಶ್ಚಾತ್ಯ ಹೆಂಗಸಿಗೆ ಅನುಮತಿಯಿಲ್ಲ. ಗಂಡನ ಬೇಡಿಕೆ ತಳ್ಳಿಹೋಯಿತು, ಡಿಸೆಂಬರಿನಲ್ಲಿ ವಾಪಸ್ ಹಡಗು. ಅಷ್ಟರಲ್ಲಿ ಊರಿನ ಚಿತ್ರಕಾರರು ಅವಳನ್ನು ನೋಡಿ ಬರೆದುಕೊಂಡಾಗಿತ್ತು. ಅವಳು ಹೋದ ಮೇಲೂ ಅಚ್ಚು ನಿಲ್ಲಲಿಲ್ಲ, ಪ್ರತಿ ನಕಲಿನಲ್ಲೂ ಗುಂಗುರು ಕೂದಲು ಒಂದು ಸುತ್ತು ಹೆಚ್ಚುತ್ತಾ ಹೋಯಿತು. ನಾಗಸಾಕಿಯ ಅಂಗಡಿಗಳಲ್ಲಿ ಮಗು, ದಾದಿಯ ಜೊತೆ ನಿಂತ ಆಕೆಯ ಚಿತ್ರವಿರುವ ಪಿಂಗಾಣಿಯೂ ಸಿಗುತ್ತದೆ. ಮಗುವಿನ ಕೈಯಲ್ಲಿ ಏನಿದೆ ಎಂಬುದು ಒಂದೊಂದರಲ್ಲಿ ಒಂದೊಂದು ಥರ.